ಪಾಪ್ಪಿ ಬಿತ್ತುವ ಮುನ್ನ ಪೊಟ್ಟಣ ಓದಿ

ಆನ್‌ಲೈನ್ ಅಂಗಡಿಯಲ್ಲಿ ‘ಡಬಲ್ ಪಾಪ್ಪಿ’ ಎಂದು ಹುಡುಕಿ ನೋಡಿ. ಗುಲಾಬಿ, ಕೆಂಪು, ನೇರಳೆ ಬಣ್ಣಗಳಲ್ಲಿ ಎಸಳ ಮೇಲೆ ಎಸಳು ತುಂಬಿಕೊಂಡ ಹೂಗಳು ಸಾಲಾಗಿ ಬರುತ್ತವೆ. ಬೀಜದ ಪೊಟ್ಟಣಕ್ಕೆ ಒಂದು ಪ್ಲೇಟ್ ಗೋಬಿ ಮಂಚೂರಿಯ ದುಡ್ಡು ಸಾಕು. ಆದರೆ ಆರ್ಡರ್ ಮಾಡುವ ಮೊದಲು ಒಂದು ವಿಷಯ ಗೊತ್ತಿರಬೇಕು. ಪಾಪ್ಪಿ ಎಂಬ ಒಂದೇ ಹೆಸರಿನಲ್ಲಿ ಹಲವು ಗಿಡಗಳಿವೆ. ಅವುಗಳಲ್ಲೊಂದನ್ನು ಅಂಗಳದ ಕುಂಡದಲ್ಲಿ ಬೆಳೆದರೂ ಅಪರಾಧ.

ಆ ಗಿಡದ ಸಸ್ಯಶಾಸ್ತ್ರೀಯ ಹೆಸರು ‘ಪಪಾವರ್ ಸೋಮ್ನಿಫೆರಮ್’. ನಮ್ಮ ಅಡುಗೆಮನೆಯ ಗಸಗಸೆ ಇದರದ್ದೇ ಬೀಜ, ಅಫೀಮು ಬರುವುದೂ ಇದರ ಕಾಯಿಯಿಂದಲೇ. ಪಾಯಸಕ್ಕೆ ಹಾಕುವ ಕಾಳಿನ ಬಗ್ಗೆ ಹೆದರಬೇಕಿಲ್ಲ. (ಗಲ್ಫಿಗೆ ಹೊರಟವರಿಗೆ ಮಾತ್ರ ಬೇರೆ ಲೆಕ್ಕ. ಯುಎಇ, ಸೌದಿಯಲ್ಲಿ ಗಸಗಸೆಗೂ ನಿಷೇಧವಿದೆ. ಅಮ್ಮ ಕಟ್ಟಿಕೊಟ್ಟ ಮಸಾಲೆ ಡಬ್ಬಿಯನ್ನು ಒಮ್ಮೆ ನೋಡಿಕೊಳ್ಳಿ.) ಅದೇ ಕಾಳನ್ನು ಮಣ್ಣಿಗೆ ಹಾಕಿದರೆ ಕತೆ ಬೇರೆ. 1985ರ ಎನ್‌ಡಿಪಿಎಸ್ ಕಾಯ್ದೆಯ ಪ್ರಕಾರ ಈ ಗಿಡ ಬೆಳೆಯಲು ಲೈಸೆನ್ಸ್ ಬೇಕು. ಅದು ಸಿಗುವುದು ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶಗಳ ನಿಗದಿತ ಪ್ರದೇಶದ ರೈತರಿಗೆ ಮಾತ್ರ.

ತೊಡಕಿರುವುದು ಇಲ್ಲಿಯೇ. ‘ಪಿಯೋನಿ ಪಾಪ್ಪಿ’, ‘ಕಾರ್ನೇಶನ್ ಪಾಪ್ಪಿ’ ಎಂದು ಮಾರುವ ಚೆಂಡಿನಂಥ ಹೂಗಳು ಇದೇ ಜಾತಿಯವು. ಬ್ರಿಟನ್‌ನಲ್ಲಿ ಇವನ್ನು ಮನೆ ಮುಂದೆ ಚೆಂದಕ್ಕೆ ಬೆಳೆಸುತ್ತಾರೆ, ಅಲ್ಲಿನ ವಿಡಿಯೊ ನೋಡಿ ನಾವು ಮರುಳಾಗುತ್ತೇವೆ. ನಮ್ಮ ಕಾಯ್ದೆ ಹೂ ಡಬಲ್ಲೋ ಸಿಂಗಲ್ಲೋ ಎಂದು ಕೇಳುವುದಿಲ್ಲ. 18ನೇ ಸೆಕ್ಷನ್ ಅಡಿ 10 ವರ್ಷದವರೆಗೂ ಜೈಲು, 1 ಲಕ್ಷ ರೂಪಾಯಿವರೆಗೂ ದಂಡ ಆಗಬಹುದು. ಪ್ರಮಾಣ ಹೆಚ್ಚಿದ್ದರೆ ಶಿಕ್ಷೆ ಇನ್ನೂ ಹೆಚ್ಚು. 35ನೇ ಸೆಕ್ಷನ್ ಪ್ರಕಾರ, ‘ನನಗೆ ಗೊತ್ತಿರಲಿಲ್ಲ’ ಎಂಬುದನ್ನು ಕೋರ್ಟಿನಲ್ಲಿ ಸಾಬೀತು ಮಾಡಬೇಕಾದವರೂ ನಾವೇ. ಬೆಂಗಳೂರಿನಲ್ಲಿ ಬಾಲ್ಕನಿ ಕುಂಡದಲ್ಲಿ ಗಾಂಜಾ ಬೆಳೆದ ದಂಪತಿ ತಾವೇ ಹಾಕಿದ ಫೇಸ್‌ಬುಕ್ ಫೋಟೊದಿಂದ ಸಿಕ್ಕಿಬಿದ್ದದ್ದು 2024ರ ನವೆಂಬರ್‌ನಲ್ಲಿ. ಪ್ಲೇಸ್‌ಮೆಂಟ್, ಪಾಸ್‌ಪೋರ್ಟ್, ಪೊಲೀಸ್ ವೆರಿಫಿಕೇಶನ್ ಎಂದು ಓಡಾಡುವ ವಯಸ್ಸಿನಲ್ಲಿ ಒಂದು ಹೂವಿಗಾಗಿ ಎಫ್‌ಐಆರ್ ಯಾರಿಗೆ ಬೇಕು?

ಹಾಗೆಂದು ಪಾಪ್ಪಿಯ ಆಸೆ ಬಿಡಬೇಕಿಲ್ಲ. ‘ಶರ್ಲಿ ಪಾಪ್ಪಿ’ ಇದೆ. ಇದರ ಜಾತಿ ‘ಪಪಾವರ್ ರೋಯಸ್’, ಇದರಲ್ಲಿ ಅಫೀಮಿಲ್ಲ. 1880ರ ಸುಮಾರಿಗೆ ಇಂಗ್ಲೆಂಡಿನ ಶರ್ಲಿ ಎಂಬ ಊರಿನ ಪಾದ್ರಿ ವಿಲಿಯಂ ವಿಲ್ಕ್ಸ್, ಕಳೆಯಂತೆ ಬೆಳೆದ ಕೆಂಪು ಪಾಪ್ಪಿಗಳ ನಡುವೆ ಬಿಳಿ ಅಂಚಿನ ಒಂದೇ ಒಂದು ಹೂ ಕಂಡರು. ಅದರ ಬೀಜ ಬಿತ್ತಿ, ಬೇಕಾದ್ದನ್ನು ಉಳಿಸಿ, ಬೇಡದ್ದನ್ನು ಕಿತ್ತು, ವರ್ಷ ವರ್ಷ ಅದನ್ನೇ ಮಾಡಿ ಈ ತಳಿ ರೂಪಿಸಿದರು. ಲ್ಯಾಬ್ ಇಲ್ಲ, ಫಂಡಿಂಗ್ ಇಲ್ಲ!

ಪೊಟ್ಟಣದ ಮೇಲೆ ಬರೀ ‘ಪಾಪ್ಪಿ ಮಿಕ್ಸ್’ ಎಂದಿದ್ದರೆ ಕೊಳ್ಳಬೇಡಿ. ಗಿಡ ಎದ್ದ ಮೇಲೂ ಗುರುತು ಹಿಡಿಯಬಹುದು. ಶರ್ಲಿಯ ಎಲೆ ಹಸಿರು, ಸೀಳುಸೀಳು, ಮೈಯೆಲ್ಲ ರೋಮ. ಅಫೀಮಿನ ಗಿಡದ ಎಲೆ ಬೂದು ಮಿಶ್ರಿತ ನೀಲಿ, ನುಣುಪು, ಕಾಂಡವನ್ನು ತಬ್ಬಿಕೊಂಡಿರುತ್ತದೆ.

ಪಾಪ್ಪಿಗೆ ಚಳಿ ಬೇಕು. ಮಡಂತ್ಯಾರಿನಲ್ಲಿ ಚಳಿಯೆಂದರೆ ಬೆಳಗಿನ ಇಬ್ಬನಿ, ಅಷ್ಟೆ. ದೀಪಾವಳಿ ಕಳೆದರೂ ಸಂಜೆಯ ಗುಡುಗು ಮಳೆ ಬಿಡುವುದಿಲ್ಲ. ಅದು ನಿಂತ ಮೇಲೆ, ನವೆಂಬರ್ ಕೊನೆಗೆ, ಸುಡುಮಣ್ಣು, ಹೊಯ್ಗೆ, ಹುಡಿಯಾದ ಹಟ್ಟಿಗೊಬ್ಬರ ಬೆರೆಸಿ ನಾಲ್ಕು ಕುಂಡ ತುಂಬಿಸಿದೆ. ಬೀಜ ಗಸಗಸೆಗಿಂತಲೂ ಸಣ್ಣದು. ಒಣ ಹೊಯ್ಗೆಯಲ್ಲಿ ಕಲಸಿ ಉದುರಿಸಬೇಕು, ಮೇಲೆ ಮಣ್ಣು ಮುಚ್ಚಬಾರದು. ಮೊಳಕೆಗೆ ಬೆಳಕು ಬೇಕು. ಬೇರು ನೆಟ್ಟಗೆ ಆಳಕ್ಕೆ ಇಳಿಯುವುದರಿಂದ ಕಿತ್ತು ಬೇರೆ ಕಡೆ ನೆಟ್ಟರೆ ಸಾಯುತ್ತದೆ. ಬಿತ್ತಿದಲ್ಲಿಯೇ ಬಿಟ್ಟು, ಕುಂಡಕ್ಕೆ ಮೂರರಂತೆ ಉಳಿಸಿ ಉಳಿದವನ್ನು ತೆಗೆದೆ. ವಾರಕ್ಕೊಮ್ಮೆ ಮನೆಗೆ ಬರುವ ನನ್ನ ಬದಲು ನೀರು ಹಾಕಿದವಳು ಅಮ್ಮ. ಬಿಸಿಲು ಚೆನ್ನಾಗಿ ಬೀಳುವ ಜಾಗವೆಲ್ಲ ಆ ಹೊತ್ತಿಗೆ ಒಣಗುವ ಅಡಿಕೆಯದ್ದು, ಕುಂಡಗಳಿಗೆ ಅಂಗಳದ ಅಂಚೇ ಗತಿ.

ಹನ್ನೆರಡು ಗಿಡಗಳಲ್ಲಿ ಹೂ ಬಿಟ್ಟದ್ದು ಆರು, ಅದೂ ಫೆಬ್ರುವರಿಯಲ್ಲಿ. ಮೊಗ್ಗು ದಿನಗಟ್ಟಲೆ ತಲೆ ತಗ್ಗಿಸಿಕೊಂಡಿದ್ದು, ಅರಳುವ ಮುನ್ನ ನೆಟ್ಟಗಾಗುತ್ತದೆ. ಹೊರಬರುವ ಎಸಳು ಬ್ಯಾಗಿನಲ್ಲಿ ತುರುಕಿಟ್ಟ ದುಪಟ್ಟಾದಂತೆ ಸುಕ್ಕುಸುಕ್ಕು. ಹೂವಿನ ಆಯುಷ್ಯ ಎರಡೇ ದಿನ. ದೇವರಿಗೆ ಇಡಲೂ ಬಾರದ ಹೂವೆಂದು ಅಜ್ಜಿಯ ತಕರಾರು.

ನಾಲ್ಕು ಗಿಡಗಳದ್ದು ಡಬಲ್, ಎರಡರದ್ದು ಸಿಂಗಲ್. ಡಬಲ್ ಹೂವಿನ ಹೆಚ್ಚುವರಿ ಎಸಳುಗಳು ಅಸಲಿಗೆ ಕೇಸರಗಳು. ನಮ್ಮ ಡಬಲ್ ದಾಸವಾಳದಲ್ಲೂ ಹೀಗೆಯೇ. 1991ರಲ್ಲಿ ಕೋಯೆನ್ ಮತ್ತು ಮೇಯೆರೊವಿಟ್ಜ್ ಎಂಬ ವಿಜ್ಞಾನಿಗಳು ವಿವರಿಸಿದಂತೆ, ಹೂವಿನ ಭಾಗಗಳನ್ನು ನಿರ್ಧರಿಸುವುದು ಎ, ಬಿ, ಸಿ ಎಂಬ ಮೂರು ಬಗೆಯ ಜೀನ್‌ಗಳು. ಎ ಜತೆ ಬಿ ಇದ್ದರೆ ಎಸಳು, ಬಿ ಜತೆ ಸಿ ಇದ್ದರೆ ಕೇಸರ. ಸಿ ಕೆಟ್ಟರೆ ಎ ಅಲ್ಲಿಗೂ ಬರುತ್ತದೆ, ಕೇಸರವಾಗಬೇಕಿದ್ದದ್ದು ಎಸಳಾಗುತ್ತದೆ. ಲಾಜಿಕ್ ಗೇಟ್ ಓದಿದವರಿಗೆ ಇದು ಸುಲಭ.

ಕೇಸರ ಕಡಿಮೆಯಾದರೆ ಪರಾಗವೂ ಕಡಿಮೆ. ಪಾಪ್ಪಿಯಲ್ಲಿ ಮಕರಂದವಂತೂ ಇಲ್ಲ, ಹಾಗಾಗಿ ನಮ್ಮ ತೋಟದ ತುಡುವೆ ಜೇನುಗಳು ಸಿಂಗಲ್ ಹೂವಿಗೇ ಮುತ್ತಿದವು. ಶರ್ಲಿ ತನ್ನದೇ ಪರಾಗದಿಂದ ಬೀಜ ಕಟ್ಟುವುದಿಲ್ಲ, ಇನ್ನೊಂದು ಗಿಡದ್ದು ಬೇಕು. ಚೆಂದ ಕಡಿಮೆಯೆಂದು ಸಿಂಗಲ್ ಗಿಡಗಳನ್ನು ಕೀಳಬೇಡಿ.

ಪಕ್ಕದ ಮನೆಯ ಆಂಟಿ ‘ಒಂದು ಗೆಲ್ಲು ಕೊಡು’ ಎಂದರು. ಇದು ಗೆಲ್ಲಿನಿಂದ ಬರುವ ಗಿಡವಲ್ಲ. ಒಣಗಿದ ಕಾಯಿಯ ಮುಚ್ಚಳದ ಕೆಳಗೆ ಸಣ್ಣ ತೂತುಗಳಿರುತ್ತವೆ, ಬಗ್ಗಿಸಿ ಅಲುಗಿಸಿದರೆ ಬೀಜ ಉದುರುತ್ತದೆ. ಅವರಿಗೆ ಅರ್ಧ ಚಮಚ ಕಟ್ಟಿಕೊಟ್ಟೆ, ಪೊಟ್ಟಣದ ಮೇಲೆ ‘ಪಪಾವರ್ ರೋಯಸ್, ನವೆಂಬರ್ ಕೊನೆಗೆ ಬಿತ್ತಿ’ ಎಂದು ಬರೆದು.

– ತೃತೀಯ ಬಿಇ ವಿದ್ಯಾರ್ಥಿನಿ, ಮಡಂತ್ಯಾರು