ಚೀಲ-ಕುಂಡಗಳ ನಿಂಬೆ ಸಸಿ: ಚಳಿಗಾಲದಲ್ಲಿ ಎಲೆ ಉದುರದಂತೆ ಕಾಪಾಡುವುದು ಹೇಗೆ?

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ ಭಾಗಗಳು ನಿಂಬೆ ಬೆಳೆಗೆ ಹೆಸರಾಗಿವೆ. ನಮ್ಮಲ್ಲಿ ನಿಂಬೆಯನ್ನು ಹೆಚ್ಚಾಗಿ ಬೀಜದಿಂದಲೇ ಬೆಳೆಸುತ್ತಾರೆ. ಮಡಿಯಲ್ಲಿ ಮೊಳೆತ ಸಸಿಗಳನ್ನು ಪಾಲಿಥೀನ್ ಚೀಲಕ್ಕೆ ವರ್ಗಾಯಿಸಿ, ಸುಮಾರು ಒಂದು ವರ್ಷ ಸಾಕಿ, ಮುಂಗಾರಿನಲ್ಲಿ ನಾಟಿ ಮಾಡುವುದು ರೂಢಿ. ಹೀಗಾಗಿ ಪ್ರತಿ ಸಸಿಯೂ ಒಂದು ಚಳಿಗಾಲವನ್ನು ಚೀಲದಲ್ಲಿಯೇ ಕಳೆಯಬೇಕಾಗುತ್ತದೆ. ಈ ಅವಧಿಯಲ್ಲಿ ಎಲೆ ಕಳೆದುಕೊಂಡು ಬಡವಾದ ಸಸಿಗೆ ಕೊಳ್ಳುವವರಿಲ್ಲ. ನೆಟ್ಟರೂ ಏಳಿಗೆ ನಿಧಾನ. ಹಿತ್ತಲಿನ ಕುಂಡದಲ್ಲಿ, ಜಗುಲಿಯ ಮೇಲೆ ಬೆಳೆಸಿದ ನಿಂಬೆ ಗಿಡಕ್ಕೂ ಇದೇ ತೊಂದರೆ ಬರುತ್ತದೆ.

ನಿಂಬೆಯ ಜಾತಿಯ ಗಿಡಗಳು ಸದಾ ಹಸಿರು. ಒಂದು ಎಲೆ ಸಾಮಾನ್ಯವಾಗಿ ಒಂದರಿಂದ ಎರಡು ವರ್ಷ ಬಾಳುತ್ತದೆ. ಬುಡದ ಕೆಲವು ಹಳೆಯ ಎಲೆಗಳು ಹಳದಿಯಾಗಿ ಬಿದ್ದರೆ ಚಿಂತೆಯಿಲ್ಲ. ಹಸಿರೆಲೆಗಳೇ ರಾಶಿಯಾಗಿ ಉದುರತೊಡಗಿದರೆ ಮಾತ್ರ ಕಾರಣ ಹುಡುಕಬೇಕು. ಏಕೆಂದರೆ ಮುಂದಿನ ಚಿಗುರಿಗೆ ಬೇಕಾದ ಆಹಾರದ ಬಹುಭಾಗ ಈ ಎಲೆಗಳಲ್ಲಿಯೇ ಸಂಗ್ರಹವಾಗಿರುತ್ತದೆ.

ಬೇರಿಗೆ ಚಳಿ, ಎಲೆಗೆ ಬಿಸಿಲು

ಉತ್ತರ ಕರ್ನಾಟಕದಲ್ಲಿ ಡಿಸೆಂಬರ್-ಜನವರಿಯ ಕೆಲವು ರಾತ್ರಿಗಳಲ್ಲಿ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಸಮೀಪಕ್ಕೆ ಇಳಿಯುತ್ತದೆ. ತೋಟದ ನೆಲ ಒಂದಡಿ ಆಳದಲ್ಲಿ ಒಂದೇ ರಾತ್ರಿಯಲ್ಲಿ ತಣ್ಣಗಾಗುವುದಿಲ್ಲ. ಚೀಲದ ಮಣ್ಣಿಗಾದರೋ ಎಲ್ಲ ಕಡೆಯಿಂದಲೂ ಚಳಿ ತಾಕುತ್ತದೆ. ಮಣ್ಣಿನ ಉಷ್ಣತೆ ಸುಮಾರು 13 ಡಿಗ್ರಿಗಿಂತ ಕಡಿಮೆಯಾದರೆ ನಿಂಬೆ ಜಾತಿಯ ಬೇರುಗಳ ಬೆಳವಣಿಗೆ ಬಹುತೇಕ ನಿಲ್ಲುತ್ತದೆ. ನೀರು ಹೀರುವ ಶಕ್ತಿಯೂ ಕುಗ್ಗುತ್ತದೆ. ಬೆಳಿಗ್ಗೆ ಬಿಸಿಲು ಏರಿದಾಗ ಎಲೆಗಳು ನೀರನ್ನು ಆವಿಯಾಗಿಸುತ್ತವೆ, ತಣ್ಣಗಿರುವ ಬೇರು ಅಷ್ಟು ನೀರನ್ನು ಒದಗಿಸಲಾರದು. ಆಗ ಗಿಡವು ಎಲೆಗಳನ್ನೇ ಬಿಟ್ಟುಕೊಟ್ಟು ಜೀವ ಉಳಿಸಿಕೊಳ್ಳುತ್ತದೆ.

ನಿಂಬೆ ಎಲೆಗೆ ಎರಡು ಕೀಲುಗಳಿವೆ: ಒಂದು ತೊಟ್ಟಿನ ಬುಡದಲ್ಲಿ, ಇನ್ನೊಂದು ತೊಟ್ಟು ಮತ್ತು ಎಲೆಯ ಹಾಳೆ ಸೇರುವಲ್ಲಿ. ನೀರಿನ ಅಭಾವದ ಆಘಾತವಾದಾಗ ಸಾಮಾನ್ಯವಾಗಿ ಹಾಳೆ ಮಾತ್ರ ಕಳಚಿ, ತೊಟ್ಟು ಕಡ್ಡಿಯ ಮೇಲೆಯೇ ಉಳಿಯುತ್ತದೆ. ಇದು ಒಳ್ಳೆಯ ಗುರುತು.

ಒಣಗಿಸಿ ನೀರು ಹಾಕಿದರೆ

‘ನೀರು ಹಾಕಿದ ಮೇಲೆಯೇ ಎಲೆ ಉದುರಿತು’ ಎಂದು ಹಲವರು ಹೇಳುವುದುಂಟು. ಇದರಲ್ಲಿ ಸತ್ಯವಿದೆ. ಮಣ್ಣು ಬಹಳ ಒಣಗಿದಾಗ ಎಥಿಲೀನ್ ಎಂಬ ಅನಿಲದ ಮೂಲವಸ್ತು ಬೇರಿನಲ್ಲಿ ಸಂಗ್ರಹವಾಗುತ್ತದೆ. ನೀರು ಸಿಕ್ಕೊಡನೆ ಅದು ಮೇಲಕ್ಕೆ ಸಾಗಿ, ಎಲೆಯಲ್ಲಿ ಎಥಿಲೀನ್ ಆಗಿ, ಕೀಲನ್ನು ಸಡಿಲಿಸುತ್ತದೆ. ಆದರೆ ತಪ್ಪು ನೀರಿನದಲ್ಲ, ಅದಕ್ಕೆ ಮೊದಲು ಗಿಡ ಬಾಡುವವರೆಗೆ ಬಿಟ್ಟದ್ದು.

ಕೈಗೊಳ್ಳಬೇಕಾದ ಕ್ರಮಗಳು

1. ಚೀಲಗಳನ್ನು ಬಿಡಿಬಿಡಿಯಾಗಿ ಇಡದೆ ಒತ್ತಾಗಿ ಜೋಡಿಸಿ, ಹೊರಸಾಲಿಗೆ ಮಣ್ಣು ಅಥವಾ ಹುಲ್ಲು ಒತ್ತರಿಸಿರಿ. ಕುಂಡಗಳನ್ನು ತಣ್ಣನೆಯ ಕಲ್ಲುಹಾಸಿನ ಮೇಲೆ ಇಡದೆ ಇಟ್ಟಿಗೆ ಅಥವಾ ಹಲಗೆಯ ಮೇಲಿಡಿ. ಹೆಚ್ಚು ಚಳಿಯ ರಾತ್ರಿ ಬುಡದ ಸುತ್ತ ಗೋಣಿತಾಟು ಸುತ್ತಿ, ಬೆಳಿಗ್ಗೆ ತೆಗೆದು ಮಣ್ಣಿಗೆ ಬಿಸಿಲು ತಾಕುವಂತೆ ಮಾಡಿರಿ.

2. ಸಂಜೆ ನೀರು ಬೇಡ. ಬಿಸಿಲೇರಿದ ಮೇಲೆ ಹಾಕಿರಿ. ರಾತ್ರಿಯಿಡೀ ತೊಟ್ಟಿಯಲ್ಲಿ ತಣ್ಣಗಾದ ನೀರಿಗಿಂತ ಆಗತಾನೆ ಎತ್ತಿದ ಬಾವಿಯ ನೀರು ಬೆಚ್ಚಗಿರುತ್ತದೆ.

3. ದಿನ ಲೆಕ್ಕ ಹಾಕಿ ನೀರು ಕೊಡಬೇಡಿ. ಬೆರಳನ್ನು ಎರಡು ಅಂಗುಲ ಮಣ್ಣಿಗೆ ಊರಿ ನೋಡಿರಿ. ಅಲ್ಲಿ ಒಣಗಿದ್ದರೆ ಮಾತ್ರ ತಳದಿಂದ ಬಸಿಯುವವರೆಗೆ ಹಾಕಿರಿ. ಚೀಲದ ತಳದ ತೂತುಗಳು ಕಟ್ಟಿರಬಾರದು. ಕೆಂಪು ಮಣ್ಣು 2 ಪಾಲು, ಮರಳು 1 ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 1 ಪಾಲು ಸೇರಿಸಿದರೆ ನೀರು ಸಲೀಸಾಗಿ ಬಸಿಯುತ್ತದೆ. ಬರಿಯ ಕಪ್ಪು ಮಣ್ಣು ಸಲ್ಲದು.

4. ಬಿಸಿಲಿನಲ್ಲಿದ್ದ ಗಿಡವನ್ನು ಒಮ್ಮೆಲೆ ಕತ್ತಲ ಪಡಸಾಲೆಗೆ, ಅಲ್ಲಿಂದ ಮತ್ತೆ ಒಮ್ಮೆಲೆ ಬಿಸಿಲಿಗೆ ಒಯ್ದರೂ ಎಲೆ ಉದುರುತ್ತದೆ. 8-10 ದಿನಗಳಲ್ಲಿ ಹಂತಹಂತವಾಗಿ ಬದಲಾಯಿಸಿರಿ. ಚಳಿ ದೇಶಗಳಲ್ಲಿಯೂ ಇದರ ಅರಿವಿತ್ತು. ಫ್ರಾನ್ಸಿನ ವರ್ಸೇಲ್ಸ್ ಅರಮನೆಯಲ್ಲಿ 1684-86ರಲ್ಲಿ ಕಿತ್ತಳೆ ಗಿಡಗಳ ಚಳಿಗಾಲದ ವಾಸಕ್ಕೆ ಕಟ್ಟಿದ ಮಂದಿರದಲ್ಲಿ ಬೆಳಕಿಗಾಗಿ ದಕ್ಷಿಣಕ್ಕೆ ಎತ್ತರದ ಕಿಟಕಿಗಳನ್ನಿಟ್ಟರು.

5. ಒಣ ಹವೆಯಲ್ಲಿ ನುಸಿಯ ಬಾಧೆ ಹೆಚ್ಚು. ಎಲೆ ಬೂದು ಬಣ್ಣಕ್ಕೆ ತಿರುಗಿದ್ದರೆ ಕೆಳಭಾಗವನ್ನು ಪರೀಕ್ಷಿಸಿರಿ. ಮೊದಲು ರಭಸವಾಗಿ ನೀರು ಚಿಮುಕಿಸಿ ತೊಳೆಯಿರಿ. ಹತೋಟಿಗೆ ಬಾರದಿದ್ದರೆ ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ 3 ಗ್ರಾಂನಂತೆ ಬೆರೆಸಿ, ಬಿಸಿಲು ತಗ್ಗಿದ ಹೊತ್ತಿನಲ್ಲಿ ಸಿಂಪಡಿಸಿರಿ.

ಎಲೆ ಉದುರಿಬಿಟ್ಟರೆ

ಇಲ್ಲಿಯೇ ಅನೇಕ ಸಸಿಗಳು ಸಾಯುವುದು. ಎಲೆ ಉದುರಿದ್ದನ್ನು ಕಂಡು ಗಾಬರಿಯಿಂದ ಹೆಚ್ಚು ನೀರು, ಯೂರಿಯಾ ಕೊಡುತ್ತಾರೆ. ಎಲೆಯಿಲ್ಲದ ಗಿಡಕ್ಕೆ ನೀರಿನ ಖರ್ಚೇ ಕಡಿಮೆ. ಹಾಕಿದ ನೀರು ನಿಂತು ಬೇರು ಕೊಳೆಯುತ್ತದೆ. ಆದ್ದರಿಂದ ಮೊದಲು ಕಾಂಡದ ಸಿಪ್ಪೆಯನ್ನು ಉಗುರಿನಿಂದ ತುಸು ಕೆರೆದು ನೋಡಿರಿ. ಒಳಗೆ ಹಸಿರಿದ್ದರೆ ಗಿಡ ಬದುಕಿದೆ. ನೀರನ್ನು ತಗ್ಗಿಸಿ, ತೆಳು ನೆರಳಿನಲ್ಲಿಡಿ. ಚಿಗುರು ಬರುವವರೆಗೆ ಗೊಬ್ಬರ ಬೇಡ, ಕತ್ತರಿಯೂ ಬೇಡ. ಎಷ್ಟು ಒಣಗಿದೆ ಎಂಬುದು ಚಿಗುರಿದ ಮೇಲೆಯೇ ತಿಳಿಯುವುದು. ಬೇರು ಕಂದಾಗಿ, ಹಿಡಿದರೆ ಸಿಪ್ಪೆ ಜಾರುತ್ತಿದ್ದರೆ ಕೊಳೆ ರೋಗ ತಗಲಿದೆ ಎಂದರ್ಥ. ಅಂಥ ಸಸಿಗಳನ್ನು ಬೇರ್ಪಡಿಸಿ, ಉಳಿದವುಗಳ ಬುಡಕ್ಕೆ ಲೀಟರಿಗೆ 3 ಗ್ರಾಂ ತಾಮ್ರದ ಆಕ್ಸಿಕ್ಲೋರೈಡ್ ಬೆರೆಸಿದ ದ್ರಾವಣ ಹಾಕಿರಿ.

ಈ ಯಾವ ಕ್ರಮಕ್ಕೂ ಹೆಚ್ಚಿನ ಖರ್ಚಿಲ್ಲ. ಬೇರನ್ನು ಬೆಚ್ಚಗಿಟ್ಟು, ಮಣ್ಣನ್ನು ಹದವಾಗಿಟ್ಟು, ಗಿಡದ ಜಾಗವನ್ನು ಒಮ್ಮೆಲೆ ಬದಲಾಯಿಸದಿದ್ದರೆ ಮುಂಗಾರಿನ ಹೊತ್ತಿಗೆ ತುಂಬಿದ ಎಲೆಯ, ಗಟ್ಟಿಮುಟ್ಟಾದ ಸಸಿಗಳು ನಾಟಿಗೆ ಸಿದ್ಧವಾಗಿರುತ್ತವೆ.