ರಕ್ತ ನುಡಿಯುವ ಸಾಕ್ಷ್ಯ

ಆಡನ್ನು ಬಡವರ ಹಸುವೆಂದು ಕರೆಯುವುದುಂಟು. ಬೇಲಿಯ ಸೊಪ್ಪನ್ನು ಮೇದು ಮನೆಯ ಮಕ್ಕಳಿಗೊಂದು ಲೋಟ ಹಾಲು ಕೊಡುವ ಈ ಸಾಧುಪ್ರಾಣಿಯನ್ನು ಸಂಶಯದಿಂದ ನೋಡಲು ಯಾರಿಗೂ ಮನಸ್ಸು ಬಾರದು. ಅಂಥ ಸಂಶಯವನ್ನು ರಕ್ತಪರೀಕ್ಷೆಯೊಂದು ಹುಟ್ಟಿಸಿತು. ಆ ಪರೀಕ್ಷೆಯ ಬಲವನ್ನೂ ಮಿತಿಯನ್ನೂ ಕುರಿತು ಇಂದು ನಾಲ್ಕು ಮಾತು ಹೇಳಬಯಸುತ್ತೇನೆ.

ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪ 19ನೆಯ ಶತಮಾನದಲ್ಲಿ ಬ್ರಿಟಿಷರ ಆಳ್ವಿಕೆಯಲ್ಲಿತ್ತು. ಅಲ್ಲಿಯ ಸೈನಿಕರನ್ನು ಜ್ವರವೊಂದು ಕಾಡುತ್ತಿತ್ತು. ಏರುತ್ತ ಇಳಿಯುತ್ತ ತಿಂಗಳುಗಟ್ಟಲೆ ಬಿಡದ ಜ್ವರ. ಜೊತೆಗೆ ಬೆವರು, ಕೀಲುನೋವು, ನಿಶ್ಶಕ್ತಿ. 1887ರಲ್ಲಿ ಸೇನಾವೈದ್ಯ ಡೇವಿಡ್ ಬ್ರೂಸ್ ಅವರು ಇದರ ರೋಗಾಣುವನ್ನು ಬೇರ್ಪಡಿಸಿದುದನ್ನು ಪ್ರಕಟಿಸಿದರು. ಮುಂದೆ ಅದಕ್ಕೆ ಬ್ರೂಸೆಲ್ಲಾ ಎಂದು ಅವರ ಹೆಸರೇ ಬಂದಿತು. ಆದರೆ ಅದು ಮನುಷ್ಯನನ್ನು ಸೇರುವ ದಾರಿ 18 ವರ್ಷ ಗೂಢವಾಗಿಯೇ ಉಳಿಯಿತು. ಅಲ್ಲಿ ಆಡುಗಳನ್ನು ಬೀದಿಯಲ್ಲಿ ನಡೆಸಿಕೊಂಡು ಬಂದು ಮನೆಬಾಗಿಲಲ್ಲೇ ಕರೆದುಕೊಡುತ್ತಿದ್ದರು. ಕಣ್ಣೆದುರು ಕರೆದ ಹಾಲಿಗಿಂತ ಶುದ್ಧವಾದುದು ಬೇರೇನಿದ್ದೀತು!

1905ರಲ್ಲಿ ಮಾಲ್ಟಾದವರೇ ಆದ ಥೆಮಿಸ್ಟೋಕ್ಲಿಸ್ ಝಮಿತ್ ಅವರು ಆಡುಗಳ ರಕ್ತವನ್ನು ಪರೀಕ್ಷಿಸಿದರು. ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿದ್ರವವೇ ಸೀರಮ್. ದೇಹವು ರೋಗಾಣುವನ್ನು ಎದುರಿಸಿದ್ದರೆ ಅದಕ್ಕೆಂದೇ ತಯಾರಾದ ಪ್ರತಿಕಾಯಗಳು ಈ ದ್ರವದಲ್ಲಿರುತ್ತವೆ. ಅದೇ ರೋಗಾಣುಗಳನ್ನು ಬೆರೆಸಿದರೆ ಅವನ್ನು ಹಿಡಿದು ಗುಂಪುಗಟ್ಟಿಸುತ್ತವೆ. ದಷ್ಟಪುಷ್ಟವಾಗಿದ್ದ ಆಡುಗಳ ಸೀರಮ್ಮಿನಲ್ಲಿಯೂ ರೋಗಾಣುಗಳು ಗುಂಪುಗಟ್ಟಿದವು. ಮುಂದಿನ ಶೋಧನೆಯಲ್ಲಿ ದ್ವೀಪದ ಆಡುಗಳಲ್ಲಿ ಸುಮಾರು ಅರ್ಧದಷ್ಟರ ರಕ್ತ ಇದೇ ಸಾಕ್ಷ್ಯ ನುಡಿಯಿತು. ಹತ್ತರಲ್ಲೊಂದು ಆಡು ಹಾಲಿನಲ್ಲಿಯೇ ರೋಗಾಣುವನ್ನು ಹೊರಸೂಸುತ್ತಿತ್ತು. 1906ರಲ್ಲಿ ಸೈನಿಕರಿಗೆ ಆ ಹಾಲನ್ನು ನಿಲ್ಲಿಸಲಾಯಿತು. ಪಾಳೆಯದಲ್ಲಿ ಜ್ವರ ಬಹುಮಟ್ಟಿಗೆ ಅಡಗಿತು. ಊರಿನ ಜನ ಮಾತ್ರ ಹಸಿಹಾಲನ್ನೇ ಕುಡಿದು ಇನ್ನೂ ದಶಕಗಳ ಕಾಲ ನರಳಿದರು. ಅರಿವೊಂದೇ ಸಾಲದು, ಅದು ಎಲ್ಲರ ಮನೆಯನ್ನೂ ಮುಟ್ಟಬೇಕು.

ಇಂದಿನ ರೋಸ್ ಬೆಂಗಾಲ್ ಪರೀಕ್ಷೆಯ ತತ್ತ್ವವೂ ಇದೇ. ಗುಲಾಬಿ ಬಣ್ಣವೂಡಿದ ಮೃತ ರೋಗಾಣುಗಳ ಒಂದು ಹನಿಗೆ ಸೀರಮ್ಮಿನ ಒಂದು ಹನಿ ಬೆರೆಸಿ ನಾಲ್ಕು ನಿಮಿಷ ಅಲುಗಾಡಿಸುತ್ತಾರೆ. ಕಣಕಣವಾಗಿ ಒಡೆದರೆ ಸೋಂಕಿನ ಶಂಕೆ. ನುಣ್ಣಗೆ ಉಳಿದರೆ ಶಂಕೆಯಿಲ್ಲ.

ಆದರೆ ಸಾಕ್ಷ್ಯವೇ ತೀರ್ಪಲ್ಲ. ಹೊಸದಾಗಿ ಸೋಂಕು ತಗುಲಿದ ಪ್ರಾಣಿಯಲ್ಲಿ ಪ್ರತಿಕಾಯ ಇನ್ನೂ ಮೂಡಿರದು. ಲಸಿಕೆ ಪಡೆದುದರಲ್ಲಿ ರೋಗವಿಲ್ಲದೆಯೂ ಕಂಡೀತು. ಆದುದರಿಂದ ಇನ್ನೊಂದು ಬಗೆಯ ಪರೀಕ್ಷೆಯಿಂದ ದೃಢಪಡಿಸಿಕೊಳ್ಳಬೇಕು. ಒಂದೇ ಪ್ರಾಣಿಯನ್ನಲ್ಲ, ಇಡೀ ಮಂದೆಯನ್ನು ಮತ್ತೆ ಮತ್ತೆ ಪರೀಕ್ಷಿಸಬೇಕು.

ಈ ರೋಗ ನಮ್ಮ ನಾಡಿಗೆ ಹೊರತಲ್ಲ. ಬೆಂಗಳೂರಿನ ಯಲಹಂಕದಲ್ಲಿರುವ ರಾಷ್ಟ್ರೀಯ ಪಶುರೋಗ ಸಾಂಕ್ರಾಮಿಕಶಾಸ್ತ್ರ ಮತ್ತು ಮಾಹಿತಿವಿಜ್ಞಾನ ಸಂಸ್ಥೆಯ ಅಧ್ಯಯನಗಳಲ್ಲಿ ಇದೂ ಒಂದು. ಗಬ್ಬದ ಮೇಕೆ ಕಂದು ಹಾಕಿದಾಗ ಬರಿಗೈಯಲ್ಲಿ ಮಾಸು ತೆಗೆಯುವ ಕುರಿಗಾಹಿಗೆ ಅಪಾಯ ಹಾಲಿಗಿಂತ ಹತ್ತಿರದಲ್ಲಿದೆ. ರೋಗ ಖಚಿತವಾದ ಪ್ರಾಣಿಯನ್ನು ಮಂದೆಯಿಂದ ತೆಗೆಯಲೇಬೇಕು. ನಾಲ್ಕೇ ಆಡುಗಳ ಒಡೆಯನಿಗೆ ಅದು ಸಂಸಾರದ ಕಾಲುಭಾಗ. ಆ ನಷ್ಟವನ್ನು ಸಮಾಜ ತುಂಬಿಕೊಡದಿದ್ದರೆ ಆತ ರಕ್ತ ಕೊಡಿಸಲು ಏಕೆ ಮುಂದೆ ಬಂದಾನು? ಹಾಲನ್ನು ಚೆನ್ನಾಗಿ ಕಾಯಿಸಿ ಕುಡಿಯುವ ನಮ್ಮ ಮನೆಗಳ ರೂಢಿ ಪಟ್ಟಣಿಗರನ್ನು ಕಾಪಾಡೀತು. ಮಂದೆಯ ನಡುವೆಯೇ ಬದುಕುವವನನ್ನು ಕಾಪಾಡಬೇಕಾದುದು ಆ ಹನಿ ರಕ್ತ, ಅದರ ಹಿಂದೆ ನಿಲ್ಲುವ ನಮ್ಮ ನ್ಯಾಯಬುದ್ಧಿ.