ಟಿ ಕೋಶಕ್ಕೆ ಕಡಿವಾಣ ಹಾಕುವ ಪ್ರೋಟೀನ್‌ಗಳು

ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳಲ್ಲಿ ಟಿ ಕೋಶಗಳ ಪಾತ್ರ ಹಿರಿದು. ಇವೇ ದೇಹದ ಸ್ವಂತ ಅಂಗಾಂಶಗಳ ಮೇಲೆ ಎರಗಿದರೆ ಟೈಪ್ 1 ಮಧುಮೇಹ, ರುಮಟಾಯ್ಡ್ ಸಂಧಿವಾತದಂಥ ಆಟೋಇಮ್ಯೂನ್ ಕಾಯಿಲೆಗಳು ಕಾಣಿಸಿಕೊಳ್ಳುತ್ತವೆ. ಈ ಕಾಯಿಲೆಗಳೊಂದಿಗೆ ನಂಟಿರುವ ಪ್ರೋಟೀನ್‌ಗಳಲ್ಲಿ ಬಹಳ ಮಹತ್ವದ ಕೆಲವು ಟಿ ಕೋಶವನ್ನು ಕೆರಳಿಸುವಂಥವಲ್ಲ, ಅದಕ್ಕೆ ಕಡಿವಾಣ ಹಾಕುವಂಥವು.

ಟಿ ಕೋಶ ಸುಮ್ಮನೆ ಕೆರಳುವುದಿಲ್ಲ. ಅದಕ್ಕೆ ಎರಡು ಸಂಕೇತಗಳು ಬೇಕು. ರೋಗನಿರೋಧಕ ವ್ಯವಸ್ಥೆಯ ಡೆಂಡ್ರಿಟಿಕ್ ಕೋಶವು ರೋಗಾಣುವಿನ ಪ್ರೋಟೀನ್ ತುಣುಕನ್ನು ತನ್ನ ಮೈಮೇಲೆ ಎತ್ತಿ ತೋರಿಸುತ್ತದೆ. ಅದನ್ನು ಟಿ ಕೋಶದ ಗ್ರಾಹಕ ಗುರುತಿಸುವುದು ಮೊದಲ ಸಂಕೇತ. ಡೆಂಡ್ರಿಟಿಕ್ ಕೋಶದ ಸಿಡಿ80, ಸಿಡಿ86 ಎಂಬ ಪ್ರೋಟೀನ್‌ಗಳು ಟಿ ಕೋಶದ ಸಿಡಿ28ಕ್ಕೆ ಅಂಟಿಕೊಳ್ಳುವುದು ಎರಡನೆಯದು. ಮೊದಲನೆಯದು ಮಾತ್ರ ಸಿಕ್ಕ ಕೋಶ ಸಾಮಾನ್ಯವಾಗಿ ಜಡವಾಗಿಬಿಡುತ್ತದೆ. ದೇಹದ ಸುರಕ್ಷತೆ ಬಹುಮಟ್ಟಿಗೆ ಈ ಎರಡನೆಯ ಸಂಕೇತದ ಮೇಲೆ ನಿಂತಿದೆ.

ಸಿಟಿಎಲ್ಎ-4 ಎಂಬ ಪ್ರೋಟೀನ್ ಅಡ್ಡ ಬರುವುದು ಇಲ್ಲಿಯೇ. ಟಿ ಕೋಶ ಕೆರಳಿದ ಬಳಿಕ ಇದು ಅದರ ಮೇಲ್ಮೈಗೆ ಬರುತ್ತದೆ. ಸಿಡಿ28ಕ್ಕಿಂತ ಬಿಗಿಯಾಗಿ ಸಿಡಿ80, ಸಿಡಿ86ಗಳನ್ನು ಹಿಡಿಯುತ್ತದೆ. ಅಷ್ಟೇ ಅಲ್ಲ, ಅವನ್ನು ಎದುರಿನ ಕೋಶದಿಂದ ಕಿತ್ತು ತನ್ನೊಳಗೆ ಎಳೆದುಕೊಂಡು ನಾಶಮಾಡುತ್ತದೆ. ಎರಡನೆಯ ಸಂಕೇತ ಹೀಗೆ ಬತ್ತಿಹೋಗುತ್ತದೆ. ಈ ಪ್ರೋಟೀನ್ ಇಲ್ಲದ ಇಲಿಗಳು ಹುಟ್ಟಿದ ಮೂರು-ನಾಲ್ಕು ವಾರಗಳಲ್ಲೇ ಸಾಯುತ್ತವೆ ಎಂದು 1995ರಲ್ಲಿ ಗೊತ್ತಾಯಿತು. ಅವುಗಳ ಹಲವು ಅಂಗಗಳಿಗೆ ಟಿ ಕೋಶಗಳು ನುಗ್ಗಿದ್ದವು. ಮನುಷ್ಯರಲ್ಲಿ ಸಿಟಿಎಲ್ಎ-4 ಜೀನ್‌ನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೂ ಕರುಳು, ಶ್ವಾಸಕೋಶ, ಮಿದುಳಿಗೆ ಪೆಟ್ಟು ಬೀಳಬಹುದೆಂಬುದು 2014ರಲ್ಲಿ ಪ್ರಕಟವಾಯಿತು. ಅದೇ ದೋಷವಿದ್ದೂ ಆರೋಗ್ಯವಾಗಿರುವವರು ಇದ್ದಾರೆ ಎಂಬುದನ್ನು ಮರೆಯಬಾರದು. ಜೀನ್ ಒಂದೇ ಎಲ್ಲವನ್ನೂ ನಿರ್ಧರಿಸುವುದಿಲ್ಲ.

ಸಿಟಿಎಲ್ಎ-4 ಸದಾ ಸಜ್ಜಾಗಿರುವುದು ನಿಯಂತ್ರಕ ಟಿ ಕೋಶಗಳಲ್ಲಿ. ಉಳಿದ ಟಿ ಕೋಶಗಳನ್ನು ಹದ್ದುಬಸ್ತಿನಲ್ಲಿಡುವುದೇ ಇವುಗಳ ಕೆಲಸ. ಇವು ರೂಪುಗೊಳ್ಳಲು ಫಾಕ್ಸ್‌ಪಿ3 ಎಂಬ ಪ್ರೋಟೀನ್ ಬೇಕು. ಅದರ ಜೀನ್ ಎಕ್ಸ್ ವರ್ಣತಂತುವಿನಲ್ಲಿರುವುದರಿಂದ ದೋಷದ ಹೊಡೆತ ಬೀಳುವುದು ಗಂಡುಮಕ್ಕಳಿಗೆ: ಎಳೆಗೂಸುಗಳಲ್ಲೇ ಮಧುಮೇಹ, ತೀವ್ರ ಭೇದಿ, ಚರ್ಮದ ಉರಿಯೂತ. ಈ ಕೋಶಗಳ ಕುರಿತ ಸಂಶೋಧನೆಗೆ ಮೇರಿ ಬ್ರಂಕೋ, ಫ್ರೆಡ್ ರ‍್ಯಾಮ್ಸ್‌ಡೆಲ್, ಶಿಮೊನ್ ಸಕಾಗುಚಿ 2025ರ ನೊಬೆಲ್ ಪಡೆದರು.

ಕೋಶದ ಒಳಗೂ ತಡೆಗಳಿವೆ. ಪಿಟಿಪಿಎನ್22 ಜೀನ್‌ನಿಂದ ತಯಾರಾಗುವ ಕಿಣ್ವವು ಸಂಕೇತ ಸಾಗಿಸುವ ಪ್ರೋಟೀನ್‌ಗಳಿಂದ ಫಾಸ್ಫೇಟ್ ಕಳಚಿ ಮೊದಲ ಸಂಕೇತವನ್ನು ತಗ್ಗಿಸುತ್ತದೆ. ಇದರ 620ನೇ ಅಮೈನೊ ಆಮ್ಲ ಬದಲಾದವರಲ್ಲಿ ಟೈಪ್ 1 ಮಧುಮೇಹದ ಸಾಧ್ಯತೆ ಹೆಚ್ಚು ಎಂದು 2004ರಲ್ಲಿ ತಿಳಿಯಿತು. ಯುರೋಪಿನ ಮೂಲದವರಲ್ಲಿ ಸಾಮಾನ್ಯವಾದ ಈ ಬದಲಾವಣೆ ಏಷ್ಯಾದವರಲ್ಲಿ ಅಪರೂಪ. ಹಾಗಾಗಿ ಅಲ್ಲಿನ ಅಪಾಯದ ಅಂದಾಜನ್ನು ಇಲ್ಲಿನ ರೋಗಿಗಳಿಗೆ ಹಾಗೆಯೇ ಅನ್ವಯಿಸಲಾಗದು.

ಈ ತಿಳಿವಳಿಕೆ ಚಿಕಿತ್ಸೆಗೂ ದಾರಿ ಮಾಡಿದೆ. ಸಿಟಿಎಲ್ಎ-4ರ ಹೊರಭಾಗವನ್ನೇ ಬಳಸಿ, ಎರಡನೆಯ ಸಂಕೇತವನ್ನು ತಡೆಯುವಂತೆ ರೂಪಿಸಿದ ಅಬಾಟಸೆಪ್ಟ್ ಔಷಧಿಗೆ 2005ರಲ್ಲಿ ಅಮೆರಿಕದಲ್ಲಿ ರುಮಟಾಯ್ಡ್ ಸಂಧಿವಾತಕ್ಕಾಗಿ ಅನುಮತಿ ಸಿಕ್ಕಿತು. ಇದಕ್ಕೆ ತದ್ವಿರುದ್ಧವಾದ ಇಪಿಲಿಮುಮ್ಯಾಬ್ ಸಿಟಿಎಲ್ಎ-4ನ್ನು ಅಡ್ಡಗಟ್ಟಿ, ಟಿ ಕೋಶಗಳನ್ನು ಕ್ಯಾನ್ಸರ್ ಮೇಲೆ ಬಿಡುತ್ತದೆ. ಚರ್ಮದ ಮೆಲನೋಮ ಕ್ಯಾನ್ಸರ್‌ಗೆ 2011ರಿಂದ ಬಳಕೆಯಲ್ಲಿದೆ. ಆದರೆ ಬಿಟ್ಟ ಕೋಶಗಳು ಕೆಲವೊಮ್ಮೆ ಕರುಳು, ಯಕೃತ್ತು, ಹಾರ್ಮೋನ್ ಗ್ರಂಥಿಗಳನ್ನೂ ಹಿಡಿಯುತ್ತವೆ. ಇಂಥ ಔಷಧಿ ಪಡೆಯುತ್ತಿರುವವರು ಭೇದಿ ಶುರುವಾದರೆ ಅದನ್ನು ಊಟದ ವ್ಯತ್ಯಾಸವೆಂದು ತಳ್ಳಿಹಾಕದೆ ಅಂದೇ ವೈದ್ಯರಿಗೆ ತಿಳಿಸಬೇಕು.